ಕಾರ್ಬೊರೇಟರ್ ಬಿಚ್ಚುವ ಮೊದಲು: ಹಳೆಯ ದೋಣಿ ಮೋಟರ್ ನಡುಹೊಳೆಯಲ್ಲಿ ಕೈಕೊಟ್ಟಾಗ

ದೀಪಾವಳಿ ಮುಗಿದ ವಾರ. ಅಮರಗೋಳ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಇಳಿಸಿ ಬಂದ ಗಾಡಿಯೊಂದು ನಮ್ಮ ಗ್ಯಾರೇಜಿನ ಮುಂದೆ ನಿಂತಿತು. ಹಿಂದೆ ಗೋಣಿಚೀಲದಲ್ಲಿ ಸುತ್ತಿದ ಉದ್ದನೆಯ ಸಾಮಾನು, ತುದಿಗೆ ಮೂರೆಲೆಯ ಫ್ಯಾನು. ಹುಬ್ಬಳ್ಳಿಯಲ್ಲಿ ನಾನು ಇಷ್ಟು ವರ್ಷ ಲೂನಾ, ಚೇತಕ್, ಯೆಜ್ಡಿ, ಆರ್‌ಎಕ್ಸ್ ಹಂಡ್ರೆಡ್ ಬಿಚ್ಚಿ ಕಟ್ಟುತ್ತ ಬಂದವನು. ಟು-ಸ್ಟ್ರೋಕ್ ಎಂದರೆ ಕಣ್ಣು ಮುಚ್ಚಿ ಕೈ ಹಾಕುತ್ತೇನೆ. ನೀರಿನ ಮೇಲೆ ಓಡುವ ಟು-ಸ್ಟ್ರೋಕ್ ಮಾತ್ರ ನನ್ನ ಬಾಗಿಲಿಗೆ ಬಂದದ್ದು ಅದೇ ಮೊದಲು.

ಗಾಡಿಯಿಂದ ಇಳಿದವರು ಚೌಡದಾನಪುರದ ಕಡೆಯ ಅಂಬಿಗರ ಹಿರಿಯರು, ನಾನು ಅವರನ್ನು ಕಾಕಾ ಎನ್ನುತ್ತೇನೆ. ಅಂಬಿಗರ ಚೌಡಯ್ಯನ ಊರಿನ ಸೀಮೆ, ತುಂಗಭದ್ರೆಯ ದಂಡೆ. ಕಾರವಾರದ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದ ಎಂಟು ಎಚ್‌ಪಿ ಮೋಟರ್ ಅವರದು. ಎರಡು ಸಿಲಿಂಡರ್, ಒಂದೇ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ), ಪೆಟ್ರೋಲ್ ಮಾದರಿ.

"ಮಿಸ್ತ್ರಿ, ದಂಡಿಮ್ಯಾಗ ಹುಲಿ ಹಂಗ ಓಡತೈತಿ. ನಡು ಹೊಳಿಗೆ ಹೋದಕೂಡ್ಲೆ ಉಸಿರು ಬಿಡತೈತಿ. ಕಾರ್ಬೊರೇಟರ್ ಹೋಗೈತಿ ಅಂತ ಎಲ್ಲಾರೂ ಹೇಳ್ಯಾರ. ಅದನ್ನ ಬಿಚ್ಚಿ ಹೊಸಾದು ಮಾಡಿಕೊಡ್ರಿ."

"ಎಲ್ಲಾರೂ ಹೇಳ್ಯಾರ" ಎಂಬುದನ್ನು ನಾನೂ ನಂಬಿದೆ. ಅವತ್ತೇ ಕಾರ್ಬೊರೇಟರ್ ಬಿಚ್ಚಿದೆ. ಒಳಗೆ ನಿಜಕ್ಕೂ ಹೊಲಸಿತ್ತು, ಹಾಗಾಗಿ ರೋಗ ಸಿಕ್ಕಿತು ಎಂದುಕೊಂಡೆ. ಒಂದಲ್ಲ, ಎರಡು ಸಲ ಕಟ್ಟಿಕೊಟ್ಟೆ. ಎರಡು ಸಲವೂ ಮೋಟರ್ ಹೊಳೆಯ ನಡುವೆ ನಿಂತಿತು, ಎರಡನೆಯ ಸಲ ನಾನೂ ದೋಣಿಯಲ್ಲಿದ್ದೆ. ಮೂರನೆಯ ಸಲ ಸಿಕ್ಕ ತಪ್ಪು ಕಾರ್ಬೊರೇಟರಿನಿಂದ ಎರಡು ಮೊಳ ದೂರದಲ್ಲಿತ್ತು. ಆದ್ದರಿಂದ ಕೆಳಗೆ ಬರೆದಿರುವುದು ನಾನು ಮಾಡಿದ ಕ್ರಮವಲ್ಲ, ಮಾಡಬೇಕಾಗಿದ್ದ ಕ್ರಮ.

ಹೇಗೆ ನಿಲ್ಲುತ್ತದೆ, ಮೊದಲು ಅದನ್ನು ಕೇಳಿ

"ಬಂದ್ ಆಗತೈತಿ" ಎಂದರೆ ಸಾಲದು. ಚಾಲೂ ಆಗುವಾಗಲೋ, ಸ್ಲೋ ಮೇಲಿದ್ದಾಗಲೋ, ರೇಸ್ ಕೊಟ್ಟಾಗಲೋ, ರೇಸ್ ಕೊಟ್ಟು ಎರಡು ನಿಮಿಷ ಆದ ಮೇಲೋ? ನಾಲ್ಕಕ್ಕೂ ಬೇರೆ ಬೇರೆ ಕಾರಣ.

ಚೋಕ್ ಎಳೆದಾಗ ಚಾಲೂ ಆಗಿ, ಚೋಕ್ ಬಿಟ್ಟ ಕೂಡಲೇ ಸತ್ತರೆ ಪೆಟ್ರೋಲ್ ಕಡಿಮೆ ಬರುತ್ತಿದೆ ಇಲ್ಲವೆ ಎಲ್ಲೋ ಗಾಳಿ ಹೆಚ್ಚಿಗೆ ಸೇರುತ್ತಿದೆ. ರೇಸ್ ಮೇಲೆ ಚೆನ್ನಾಗಿ ಓಡಿ, ಸ್ಲೋ ಮಾಡಿದಾಗ ನಿಂತರೆ ಪೈಲಟ್ ಜೆಟ್ (ಸ್ಲೋ ಓಟಕ್ಕೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಅಥವಾ ಸ್ಲೋ ದಾರಿಯ ಸಣ್ಣ ತೂತುಗಳು ಕಟ್ಟಿವೆ. ಇದು ಅಪ್ಪಟ ಕಾರ್ಬೊರೇಟರ್ ರೋಗ. ಸ್ಲೋ ಚೆನ್ನಾಗಿದ್ದು ರೇಸ್ ಕೊಟ್ಟ ತಕ್ಷಣ ಉಬ್ಬಸ ಹತ್ತಿದರೆ ರೇಸಿಗೆ ಪೆಟ್ರೋಲ್ ಬಿಡುವ ಮೇನ್ ಜೆಟ್ ನೋಡಬೇಕು. ಕಾರ್ಬೊರೇಟರ್ ಬಾಯಿಂದ ಪೆಟ್ರೋಲ್ ತೊಟ್ಟಿಕ್ಕಿ, ಪ್ಲಗ್ ತೊಯ್ದು, ಬಿಳಿ ಹೊಗೆ ಸುರಿದರೆ ಫ್ಲೋಟ್ ನೀಡಲ್, ಅಂದರೆ ಪೆಟ್ರೋಲ್ ತುಂಬಿದಾಗ ತೇಲುಗುಂಡು ಎತ್ತಿ ದಾರಿ ಮುಚ್ಚಿಸುವ ಸೂಜಿ, ಸರಿಯಾಗಿ ಕೂರುತ್ತಿಲ್ಲ.

ಕಾಕಾನ ಮೋಟರಿನದು ಇವು ಯಾವುವೂ ಅಲ್ಲ. ಫುಲ್ ರೇಸ್ ಕೊಟ್ಟರೆ ಒಂದೆರಡು ನಿಮಿಷ ಸರಾಗ, ಆಮೇಲೆ ಸದ್ದು ತೆಳುವಾಗುತ್ತ ಬಂದು, ಕೆಮ್ಮಿ, ನಿಲುಗಡೆ. ಐದು ನಿಮಿಷ ಬಿಟ್ಟು ಹಗ್ಗ ಜಗ್ಗಿದರೆ ಮತ್ತೆ ಚಾಲೂ. ಹೀಗೆ ಹೊತ್ತು ನೋಡಿಕೊಂಡು ಸಾಯುವ ಎಂಜಿನ್ ಹೇಳುವುದು ಒಂದೇ ಮಾತು: ಕಾರ್ಬೊರೇಟರಿನ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ಖಾಲಿಯಾಗುವಷ್ಟು ಜೋರಾಗಿ ನಾನು ಕುಡಿಯುತ್ತಿದ್ದೇನೆ, ತುಂಬುವ ಕಡೆಯಿಂದ ಅಷ್ಟು ಬರುತ್ತಿಲ್ಲ. ಎಂಟು ಎಚ್‌ಪಿ ಟು-ಸ್ಟ್ರೋಕ್ ಫುಲ್ ರೇಸಿನಲ್ಲಿ ಗಂಟೆಗೆ ಸುಮಾರು 3ರಿಂದ 4 ಲೀಟರ್ ಸುಡುತ್ತದೆ, ಅಂದರೆ ನಿಮಿಷಕ್ಕೆ 50–65 ಮಿಲಿ. ಬೌಲಿನಲ್ಲಿ ಹಿಡಿಯುವುದು ಎರಡು-ಮೂರು ಚಮಚ. ದಾರಿ ಅರ್ಧ ಕಟ್ಟಿದ್ದರೆ ಸ್ಲೋ ಮೇಲೆ ಗೊತ್ತೇ ಆಗುವುದಿಲ್ಲ.

ಈ ಲೆಕ್ಕವನ್ನು ನಾನು ಮೊದಲ ದಿನ ಹಾಕಿದ್ದರೆ ಎರಡು ಸಲ ಹಾವೇರಿ ಬಸ್ಸು ಹತ್ತುವುದು ತಪ್ಪುತ್ತಿತ್ತು.

ಪಾನಾ ಹಿಡಿಯದೆ ನೋಡುವ ಕೆಲಸ

ಮೊದಲು ಕೆಂಪು ಸುರುಳಿ ಹಗ್ಗದ ಕ್ಲಿಪ್. ಅಂಬಿಗ ನೀರಿಗೆ ಬಿದ್ದರೆ ಎಂಜಿನ್ ತಾನೇ ಬಂದ್ ಆಗಲಿ ಎಂದು ಕಿಲ್ ಸ್ವಿಚ್ಚಿಗೆ ಸಿಕ್ಕಿಸಿರುತ್ತಾರೆ. ಅದು ಕಳೆದಿದ್ದರೆ ಸ್ಪಾರ್ಕ್ ಬರುವುದಿಲ್ಲ, ನೀವು ಸಂಜೆತನಕ ಹಗ್ಗ ಜಗ್ಗುತ್ತಿರಬಹುದು.

ಆಮೇಲೆ ಟ್ಯಾಂಕಿನ ಮುಚ್ಚಳ. ಅದರ ಮೇಲೆ ಗಾಳಿ ಇಸ್ಕ್ರೂ ಇರುತ್ತದೆ. ಸಾಗಿಸುವಾಗ ಪೆಟ್ರೋಲ್ ಚೆಲ್ಲದಿರಲೆಂದು ಬಿಗಿ ಮಾಡುತ್ತಾರೆ, ಓಡಿಸುವಾಗ ಸಡಿಲಿಸಲು ಮರೆಯುತ್ತಾರೆ. ಒಳಗೆ ಗಾಳಿ ಹೋಗದಿದ್ದರೆ ಪೆಟ್ರೋಲ್ ಹೊರಗೆ ಬರದು. ಎರಡು ನಿಮಿಷ ಓಡಿ ನಿಲ್ಲುವ ಮೋಟರಿಗೆ ಇದು ಅತಿ ಸಾಮಾನ್ಯ ಕಾರಣ, ಖರ್ಚಿಲ್ಲದ್ದು ಕೂಡ. ನಿಂತ ಕೂಡಲೇ ಮುಚ್ಚಳ ತಿರುಗಿಸಿ. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡರೆ ಕೆಲಸ ಮುಗಿಯಿತು, ಮನೆಗೆ ಹೋಗಿ. ಕಾಕಾನ ಟ್ಯಾಂಕ್ ಉಸ್ಸೆನ್ನಲಿಲ್ಲ.

ಮೂರನೆಯದು ಪೆಟ್ರೋಲೇ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಮೋಟರ್ ಮನೆಯಲ್ಲಿ ಮೂಲೆ ಸೇರುತ್ತದೆ, ಟ್ಯಾಂಕಿನ ತಳದಲ್ಲಿ ಉಳಿದದ್ದು ಹಾಗೇ ಉಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥನಾಲ್ ಇದೆ. ನಮ್ಮ ಕಡೆಯ ಕಬ್ಬಿನಿಂದಲೂ ಆದದ್ದೇ, ಅದರ ಮೇಲೆ ನನಗೆ ದ್ವೇಷವೇನಿಲ್ಲ. ಆದರೆ ಎಥನಾಲ್ ನೀರನ್ನು ಹೀರುತ್ತದೆ. ಹೆಚ್ಚು ನೀರು ಕುಡಿದ ಮೇಲೆ ನೀರು-ಎಥನಾಲ್ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ಟ್ಯಾಂಕಿನ ಪೈಪ್ ಹೀರುವುದೂ ಆ ತಳದಿಂದಲೇ. ಹಳೆ ಕಾಲದ ಮೋಟರುಗಳ ರಬ್ಬರನ್ನು ಎಥನಾಲ್ ಉಬ್ಬಿಸಿ, ಮೆತ್ತಗೆ ಮಾಡಿ, ಕೊನೆಗೆ ಬಿರಿಯುವಂತೆ ಮಾಡುತ್ತದೆ. ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಿ.

ಪರೀಕ್ಷೆ ಸುಲಭ. 100 ಮಿಲಿ ಗುರುತಿರುವ ಉದ್ದನೆಯ ಗಾಜಿನ ಅಳತೆ ಜಾಡಿಯಲ್ಲಿ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ, ಬಾಯಿ ಮುಚ್ಚಿ ಅಲ್ಲಾಡಿಸಿ ಬಿಡಿ. ಎಥನಾಲ್ ಇಲ್ಲದಿದ್ದರೆ ತಳದ ಪದರ ಹತ್ತರಲ್ಲೇ ನಿಲ್ಲುತ್ತದೆ. 20 ಪ್ರತಿಶತ ಇದ್ದರೆ 26–28ರ ಹತ್ತಿರ ಏರುತ್ತದೆ. ನೀರು ಹಾಕುವ ಮೊದಲೇ ತಳದಲ್ಲಿ ಪದರ ಕಂಡರೆ ಆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ತೊಳೆಯಬೇಕು.

ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಅಳತೆಯನ್ನೂ ಇಲ್ಲೇ ಕೇಳಿ. 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿ. ಕಾಕಾ ಕ್ವಾರ್ಟರ್ ಬಾಟಲಿಯಲ್ಲಿ ಅಳೆಯುತ್ತಾರೆ: 180 ಮಿಲಿಗೆ ಒಂಬತ್ತು ಲೀಟರ್ ಪೆಟ್ರೋಲ್. ಲೆಕ್ಕ ಹಾಕಿ ನೋಡಿದೆ, ಅಣುವಷ್ಟೂ ತಪ್ಪಿಲ್ಲ. ಕೆಲವು ಹಳೆಯ ಮಾದರಿಗಳು 25ಕ್ಕೆ 1 ಕೇಳುತ್ತವೆ, ಆಗ ಅದೇ ಬಾಟಲಿ ನಾಲ್ಕೂವರೆ ಲೀಟರಿಗೆ. ಎಣ್ಣೆ ಮಾತ್ರ ಟಿಸಿ-ಡಬ್ಲ್ಯೂ3 (ದೋಣಿ ಮೋಟರಿನ ಎಣ್ಣೆಯ ದರ್ಜೆ) ಎಂದು ಬರೆದದ್ದೇ ಇರಲಿ. ಬೈಕಿನ ಟು-ಟಿ ಎಣ್ಣೆ ಗಾಳಿಯಿಂದ ತಣ್ಣಗಾಗುವ ಬಿಸಿ ಎಂಜಿನ್ನಿಗೆ ಮಾಡಿದ್ದು. ನೀರಿನಿಂದ ತಣ್ಣಗಿರುವ ಎಂಜಿನ್ನಿನಲ್ಲಿ ಅದು ಕಿಟ್ಟ ಕಟ್ಟಿಸುತ್ತದೆ.

ನಂತರ ಪ್ಲಗ್. ಎರಡೂ ಬಿಚ್ಚಿ ಪಕ್ಕಪಕ್ಕ ಇಡಿ. ಒಂದೇ ಕಾರ್ಬೊರೇಟರ್ ಇರುವ ಎರಡು ಸಿಲಿಂಡರಿನ ಮೋಟರಿನಲ್ಲಿ ಇದು ದೊಡ್ಡ ಸಾಕ್ಷಿ. ಎರಡೂ ಒಂದೇ ಬಣ್ಣದಲ್ಲಿ ಕೆಟ್ಟಿದ್ದರೆ ಕಾರ್ಬೊರೇಟರ್ ಅಥವಾ ಪೆಟ್ರೋಲಿನ ಮೇಲೆ ಸಂಶಯ ಪಡಬಹುದು. ಒಂದು ಚೆನ್ನಾಗಿದ್ದು ಒಂದೇ ಕೆಟ್ಟಿದ್ದರೆ ಆ ಸಿಲಿಂಡರಿನ ಕಾಯಿಲ್ (ಸ್ಪಾರ್ಕ್ ಕೊಡುವುದು), ಪಿಸ್ಟನ್ ರಿಂಗ್, ರೀಡ್ (ಗಾಳಿ-ಪೆಟ್ರೋಲನ್ನು ಒಳಮುಖವಾಗಿ ಮಾತ್ರ ಬಿಡುವ ತೆಳು ಎಲೆ) ಅಥವಾ ಪೆಟ್ರೋಲ್ ಪಂಪಿನ ಡಯಾಫ್ರಮ್ (ಮಿಡಿಯುವ ತೆಳು ಪರದೆ) ನೋಡಿ. ಎನ್‌ಜಿಕೆ ಪ್ಲಗ್ಗಿನ ನಂಬರಿನ ಕೊನೆಯಲ್ಲಿ 10 ಇದ್ದರೆ ಗ್ಯಾಪ್ 1.0 ಮಿ.ಮೀ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇದ್ದರೆ ಹಾಕಿ, ಎರಡು ಸಿಲಿಂಡರುಗಳ ನಡುವೆ 10–15 ಪ್ರತಿಶತಕ್ಕಿಂತ ಹೆಚ್ಚು ವ್ಯತ್ಯಾಸ ಬರಬಾರದು. ನಮ್ಮದರಲ್ಲಿ 95 ಮತ್ತು 90 ಬಂತು. ಹಗ್ಗ ಜಗ್ಗುವಾಗ ಪ್ಲಗ್ಗುಗಳನ್ನು ಎಂಜಿನ್ನಿನ ಲೋಹಕ್ಕೆ ಮುಟ್ಟಿಸಿ ಅರ್ಥ್ ಮಾಡಿ, ತೂತಿನಿಂದ ದೂರ ಇಡಿ. ತೂತಿನಿಂದ ಪೆಟ್ರೋಲ್ ಆವಿ ಹಾರುತ್ತಿರುತ್ತದೆ.

ಫ್ಯಾನನ್ನು ಅದರ ದಂಡಕ್ಕೆ ಹಿಡಿದಿಡುವ ಪಿನ್ ತುಂಡಾದರೂ ಜನ ಕಾರ್ಬೊರೇಟರನ್ನೇ ಬೈಯುತ್ತಾರೆ. ಎಂಜಿನ್ ಕಿರುಚುತ್ತಿದೆ, ದೋಣಿ ಮುಂದೆ ಹೋಗುತ್ತಿಲ್ಲ ಎಂದರೆ ಅದು ಪಿನ್.

ಗುಂಡು ಹಿಚುಕುವ ಪರೀಕ್ಷೆ

ಟ್ಯಾಂಕಿನಿಂದ ಮೋಟರಿಗೆ ಬರುವ ಪೈಪಿನ ನಡುವೆ ಬಿ.ಪಿ. ನೋಡುವ ಯಂತ್ರದ್ದರಂತೆ ಒಂದು ರಬ್ಬರ್ ಗುಂಡು ಇರುತ್ತದೆ, ಪ್ರೈಮರ್ ಬಲ್ಬ್. ಅದರ ಮೇಲಿನ ಬಾಣ ಮೋಟರಿನ ಕಡೆಗೆ ಇರಬೇಕು. ಚಾಲೂ ಮಾಡುವ ಮೊದಲು ಗಟ್ಟಿಯಾಗುವತನಕ ಹಿಚುಕುತ್ತಾರೆ. ಆದರೆ ರೋಗ ಪತ್ತೆಗೆ ಇದಕ್ಕಿಂತ ದೊಡ್ಡ ಸಾಧನ ನನ್ನ ಪೆಟ್ಟಿಗೆಯಲ್ಲಿ ಇಲ್ಲ.

ಹೊಳೆಯಲ್ಲಿ ಫುಲ್ ರೇಸಿನಲ್ಲಿ ಓಡುತ್ತಿರುವಾಗ, ಸದ್ದು ತೆಳುವಾಗಲು ಶುರುವಾದ ಗಳಿಗೆ, ಇನ್ನೊಬ್ಬರು ಗುಂಡನ್ನು ಒಂದೇ ಸಮ ಹಿಚುಕಬೇಕು. ಎಂಜಿನ್ ಮತ್ತೆ ಜೀವ ಹಿಡಿದರೆ ಕಾರ್ಬೊರೇಟರ್ ನಿರಪರಾಧಿ. ಜೆಟ್ಟಿಗೆ ಪೆಟ್ರೋಲ್ ತಲುಪಿದರೆ ಅದು ಸರಿಯಾಗಿ ಕೊಡುತ್ತಿದೆ, ತಲುಪಿಸುವವರು ಸರಿಯಿಲ್ಲ ಎಂದರ್ಥ. ಗುಂಡು ಕೈಯಲ್ಲಿ ಚಪ್ಪಟೆಯಾಗಿ ಹೋಗಿದ್ದರೆ ತೊಂದರೆ ಟ್ಯಾಂಕಿನ ಕಡೆ: ಗಾಳಿ ಇಸ್ಕ್ರೂ, ಟ್ಯಾಂಕಿನ ಜಾಳಿಗೆ, ಟ್ಯಾಂಕಿನಿಂದ ಗುಂಡಿನವರೆಗಿನ ಪೈಪ್. ಗುಂಡು ದುಂಡಗೇ ಇದ್ದು, ಹಿಚುಕಿದಾಗ ಎಂಜಿನ್ ಸುಧಾರಿಸಿದರೆ ಮೋಟರಿನ ಪಂಪು ಅಥವಾ ಗುಂಡಿನಿಂದ ಮುಂದಿನ ಪೈಪ್. ಹಿಚುಕಿದರೂ ಏನೂ ಬದಲಾಗದಿದ್ದರೆ ಆಗ ಕಾರ್ಬೊರೇಟರ್ ಬಿಚ್ಚಿ.

ಈ ಪರೀಕ್ಷೆ ಬ್ಯಾರಲ್ಲಿನಲ್ಲಿ ನಡೆಯದು. ನಾನು ಸೋತದ್ದೇ ಅಲ್ಲಿ. ಇನ್ನೂರು ಲೀಟರಿನ ಬ್ಯಾರಲ್ಲಿಗೆ ನೀರು ತುಂಬಿ ಮೋಟರ್ ಸಿಕ್ಕಿಸಿ ಓಡಿಸುವುದು ಸರಿಯಾದ ಪದ್ಧತಿಯೇ. ನೀರಿಲ್ಲದೆ ಓಡಿಸಿದರೆ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗುತ್ತದೆ, ಅದು ನಿಮಿಷಗಳ ಮಾತು. ಫ್ಯಾನಿನ ಮೇಲಿನ ಅಗಲ ತಟ್ಟೆ ಮುಳುಗುವಷ್ಟು ನೀರಿರಬೇಕು, ಪಕ್ಕದ ಸಣ್ಣ ತೂತಿನಿಂದ ನೀರು ಚಿರ್ರೆಂದು ಹಾರುತ್ತಿರಬೇಕು. ಆದರೆ ಬ್ಯಾರಲ್ಲಿನಲ್ಲಿ ಎಂಜಿನ್ನಿಗೆ ಎಳೆಯಲು ದೋಣಿಯಿಲ್ಲ, ಹೆಚ್ಚು ರೇಸ್ ಕೊಟ್ಟರೆ ನೀರೆಲ್ಲ ಅಂಗಳಕ್ಕೆ. ಹಾಗಾಗಿ ಅಲ್ಲಿ ಮೋಟರ್ ಪೆಟ್ರೋಲನ್ನು ಗುಟುಕು ಗುಟುಕಾಗಿ ಕುಡಿಯುತ್ತದೆ, ಅರ್ಧ ಕಟ್ಟಿದ ಪೈಪೂ ಅಷ್ಟನ್ನು ಸಲೀಸಾಗಿ ಕೊಡುತ್ತದೆ. ನನ್ನ ಅಂಗಳದಲ್ಲಿ ಹುಲಿ, ತುಂಗಭದ್ರೆಯಲ್ಲಿ ಇಲಿ.

ಅಂಗಳದ ಮಾತು ಬಂದದ್ದಕ್ಕೆ ಹೇಳುತ್ತೇನೆ: ಹುಬ್ಬಳ್ಳಿಯಲ್ಲಿ ದಿನಗಟ್ಟಲೆ ಕಾದ ಮೇಲೆ ಬರುವ ನಳದ ನೀರನ್ನು ಒಂದು ಬ್ಯಾರಲ್ ಮೋಟರಿಗೆ ಹಾಕಿದ್ದಕ್ಕೆ ನಮ್ಮ ಮನೆಯವರು ನನ್ನೊಡನೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಆಡಿದ್ದು, "ಆ ನೀರಾಗ ಎಣ್ಣಿ ತೇಲಾಕತ್ತೈತಿ, ಗಿಡಕ್ಕ ಹಾಕೀರಿ ಮತ್ತ!"

ಕಾರ್ಬೊರೇಟರ್ ಬಿಚ್ಚಲೇಬೇಕಾದರೆ

ನಾನು ಬಿಚ್ಚಿದ್ದು ವ್ಯರ್ಥವಾಯಿತು ಎನ್ನಲಾರೆ. ಕಾರವಾರದ ಉಪ್ಪುನೀರಿನಲ್ಲಿ ದುಡಿದ ಮೋಟರ್, ಒಂದಲ್ಲ ಒಂದು ದಿನ ಬಿಚ್ಚಬೇಕಿತ್ತು. ಬಯಲಲ್ಲಿ ಕೂತು ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಬೀಡಿ ಸೇದುವ ಗೆಳೆಯರನ್ನು ರಸ್ತೆಯ ಆಚೆ ಕೂರಿಸಿ.

ಜಪಾನಿನ ಮೋಟರುಗಳ ಸ್ಟಾರ್ ಇಸ್ಕ್ರೂಗಳು ನಮ್ಮ ಸಾಮಾನ್ಯ ಸ್ಟಾರ್ ಡ್ರೈವರಿಗೆ ಸರಿಯಾಗಿ ಹೊಂದುವುದಿಲ್ಲ. ಅವು ಜೆಐಎಸ್ ಎಂಬ ಜಪಾನಿ ಅಳತೆಯವು, ತಲೆಯ ಮೇಲೆ ಹಲವು ಸಲ ಸಣ್ಣ ಚುಕ್ಕೆ ಇರುತ್ತದೆ. ಸಾದಾ ಡ್ರೈವರ್ ಹಾಕಿ ಜೋರು ಮಾಡಿದರೆ ಜಾರಿ, ತಲೆ ಸವೆದು, ಕೊನೆಗೆ ಡ್ರಿಲ್ ಹಿಡಿಯಬೇಕಾಗುತ್ತದೆ. ಉಪ್ಪು ಹಿಡಿದು ಕಚ್ಚಿದ್ದರೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು, ಬೆಳಿಗ್ಗೆ ಇಂಪ್ಯಾಕ್ಟ್ ಡ್ರೈವರಿನಿಂದ ಒಂದು ಏಟು.

ಕಾರ್ಬೊರೇಟರ್ ಕೆಳಗಿಳಿಸುವ ಮೊದಲು ಲಿಂಕು, ಸ್ಪ್ರಿಂಗುಗಳ ಫೋಟೋ ತೆಗೆದುಕೊಳ್ಳಿ. ಸ್ಲೋ ಮೇಲೆ ಪೆಟ್ರೋಲ್-ಗಾಳಿಯ ಹದ ಮಾಡುವ ಮಿಕ್ಸ್ಚರ್ ಇಸ್ಕ್ರೂವನ್ನು ಮೆಲ್ಲಗೆ ಒಳಗೆ ತಿರುಗಿಸಿ, ಕೂರುವತನಕ ಎಷ್ಟು ಸುತ್ತು ಎಂದು ಎಣಿಸಿ, ಕಾಗದದ ಮೇಲೆ ಬರೆಯಿರಿ. ನಮ್ಮದು ಒಂದೂಕಾಲು. ಬಿಗಿ ಮಾಡಬೇಡಿ, ಮೊನೆಯ ಸುತ್ತ ಗೀರು ಬಿದ್ದರೆ ಆ ಇಸ್ಕ್ರೂ ಮತ್ತೆಂದೂ ಸರಿಯಾಗಿ ಸೆಟ್ ಆಗದು.

ಬೌಲನ್ನು ಬಿಳಿ ತಾಟಿನ ಮೇಲೆ ಬಿಚ್ಚಿ. ಏನು ಬೀಳುತ್ತದೆ ನೋಡುವುದಕ್ಕೆ. ನನ್ನ ತಾಟಿನಲ್ಲಿ ಬಿದ್ದದ್ದು ಮೂರು ಬಗೆ: ಹಳೆ ವಾರ್ನಿಶ್ ವಾಸನೆಯ ಜೇನುಬಣ್ಣದ ಅಂಟು (ಆವಿಯಾದ ಪೆಟ್ರೋಲ್ ಬಿಟ್ಟುಹೋದದ್ದು), ಬಿಳಿ ಹುಡಿ (ನೀರು-ಉಪ್ಪು ತಿಂದ ಅಲ್ಯೂಮಿನಿಯಂ), ಮತ್ತು ಸಾಸಿವೆಯ ಸಿಪ್ಪೆಯಂಥ ಕರಿ ಚೂರುಗಳು, ನಾಲ್ಕೋ ಐದೋ. ಮೊದಲೆರಡನ್ನು ಗುರುತು ಹಿಡಿದೆ. ಕರಿ ಚೂರನ್ನು ಉಗುರಿನಿಂದ ಒತ್ತಿದರೆ ಮೆತ್ತಗಿತ್ತು, ಬೆರಳಿಗೆ ಮಸಿ ಹತ್ತಿತು. ಹಳೆ ಪ್ಯಾಕಿಂಗಿನದಿರಬೇಕು ಎಂದು ಒರೆಸಿ ಚೆಲ್ಲಿದೆ. ಇಡೀ ಕೇಸಿನ ಸಾಕ್ಷಿ ಆ ಚಿಂದಿಬಟ್ಟೆಯೊಳಗೆ ಹೋಯಿತು.

ಜೆಟ್ಟುಗಳನ್ನು ಬಿಚ್ಚಿ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ತೂತು ದುಂಡಗಿರಬೇಕು. ನಮ್ಮ ಮೇನ್ ಜೆಟ್ಟಿನ ಅಂಚಿನಲ್ಲಿ ಗೀರಿತ್ತು, ಯಾರೋ ಹಿಂದೆ ಪಿನ್ನು ತುರುಕಿದ್ದಾರೆ. ಜೆಟ್ ಹಿತ್ತಾಳೆಯದು, ಉಕ್ಕಿನ ತಂತಿ ಆಡಿಸಿದರೆ ತೂತು ದೊಡ್ಡದಾಗುತ್ತದೆ, ಅಳತೆಯೇ ತಪ್ಪುತ್ತದೆ. ಕಸಬರಿಗೆ ಕಡ್ಡಿಯೂ ಬೇಡ, ತುದಿ ಒಳಗೇ ಮುರಿದದ್ದನ್ನು ನೋಡಿದ್ದೇನೆ. ವೈರಿನೊಳಗಿನ ಒಂದೇ ಎಳೆ ತಾಮ್ರ ಸಾಕು. ಅದಕ್ಕೂ ಮೊದಲು ಕಾರ್ಬೊರೇಟರ್ ಕ್ಲೀನರಿನಲ್ಲಿ ಒಂದು ರಾತ್ರಿ ನೆನೆಯಲಿ. ರಬ್ಬರ್, ಪ್ಲಾಸ್ಟಿಕ್ ಇರುವುದನ್ನೆಲ್ಲ ತೆಗೆದಿಟ್ಟ ಮೇಲೆ ಮಾತ್ರ.

ಜನ ಜೆಟ್ಟಿಗೆ ಕೊಡುವ ಮರ್ಯಾದೆಯನ್ನು ದಾರಿಗಳಿಗೆ ಕೊಡುವುದಿಲ್ಲ. ರೇಸ್ ಕೊಟ್ಟಾಗ ತೆರೆಯುವ ಬಟರ್‌ಫ್ಲೈ ತಟ್ಟೆಯ ಅಂಚು ಮುಟ್ಟುವ ಕಡೆ, ಗಂಟಲಿನ ಗೋಡೆಯಲ್ಲಿ, ಸೂಜಿಮೊನೆಯಷ್ಟು ಎರಡು-ಮೂರು ತೂತುಗಳಿವೆ. ಸ್ಲೋ ಮತ್ತು ಪಿಕಪ್ ಎರಡೂ ಅವುಗಳ ಕೈಯಲ್ಲಿ. ಸ್ಲೋ ಇಸ್ಕ್ರೂ ತೂತಿನಿಂದ ಕ್ಲೀನರ್ ಹೊಡೆದರೆ ಅಷ್ಟೂ ತೂತುಗಳಿಂದ ಎಳೆ ಎಳೆಯಾಗಿ ಹಾರಬೇಕು. ಒಂದರಿಂದ ಬರದಿದ್ದರೆ ಮತ್ತೆ ನೆನೆಹಾಕಿ, ಕಂಪ್ರೆಸರ್ ಗಾಳಿ ಹಿಂದುಮುಂದಾಗಿ ಹೊಡೆಯಿರಿ. ಕನ್ನಡಕ ಹಾಕಿಕೊಳ್ಳಿ. ಆ ಎಳೆ ನೇರ ಕಣ್ಣಿಗೇ ಬರುತ್ತದೆ, ಯಾಕೆಂದರೆ ನೀವು ಅದನ್ನೇ ನೋಡುತ್ತಿರುತ್ತೀರಿ.

ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಎದ್ದ ಜಾಗ ಕಾಣುತ್ತದೆ. ತೀರ ಹಳೆಯ ಮೋಟರುಗಳಲ್ಲಿ ಬೆಂಡಿನ ಫ್ಲೋಟ್ ಇರುತ್ತದೆ, ಅದರ ಮೇಲಿನ ವಾರ್ನಿಶನ್ನು ಎಥನಾಲ್ ಕರಗಿಸಿ ಬೆಂಡು ಪೆಟ್ರೋಲ್ ಕುಡಿದು ಭಾರವಾಗುತ್ತದೆ. ಅಂಥದನ್ನು ಬದಲಿಸುವುದೇ ವಾಸಿ. ನೀಡಲಿನ ಮೊನೆಯಲ್ಲಿ ಉಂಗುರದಂತೆ ಗೀರು ಕಂಡರೆ ನೀಡಲ್, ಸೀಟು ಎರಡೂ ಹೊಸದು ಹಾಕಿ. ಕಟ್ಟಿದ ಮೇಲೆ, ಪೆಟ್ರೋಲ್ ಬರುವ ಬಾಯಿಗೆ ಒಂದು ಸ್ವಚ್ಛ ಪೈಪ್ ಹಾಕಿ ಊದಿ ನೋಡಿ. ಕಾರ್ಬೊರೇಟರ್ ನೇರವಿದ್ದಾಗ ಗಾಳಿ ಹೋಗಬೇಕು, ತಲೆಕೆಳಗಾಗಿಸಿದಾಗ ಫ್ಲೋಟಿನ ಭಾರಕ್ಕೆ ನಿಲ್ಲಬೇಕು. ಫ್ಲೋಟಿನ ಎತ್ತರದ ಅಳತೆ ಮಾದರಿಯಿಂದ ಮಾದರಿಗೆ ಬೇರೆ, ಆ ಮೋಟರಿನ ಪುಸ್ತಕದಲ್ಲಿ ಇದ್ದದ್ದೇ ಸರಿ.

ಪ್ಯಾಕಿಂಗ್ ಕಿಟ್ ಸಿಕ್ಕರೆ ಒಳ್ಳೆಯದು. ಹುಬ್ಬಳ್ಳಿಯಲ್ಲಿ ದೋಣಿ ಮೋಟರಿನ ಕಿಟ್ ಕೇಳಿದರೆ ಅಂಗಡಿಯವರು ಮೋರೆ ನೋಡುತ್ತಾರೆ, ಕರಾವಳಿಯಿಂದ ತರಿಸಬೇಕು. ಬೌಲಿನ ಪ್ಯಾಕಿಂಗನ್ನು ನಾನೇ ಮಾಡಿದೆ. ಬೌಲಿನ ಅಂಚಿಗೆ ತೆಳುವಾಗಿ ಎಣ್ಣೆ ಸವರಿ, ಪೆಟ್ರೋಲಿಗೆ ತಡೆಯುವ ಪ್ಯಾಕಿಂಗ್ ಶೀಟಿನ ಮೇಲೆ ಒತ್ತಿದರೆ ಅಚ್ಚು ಮೂಡುತ್ತದೆ. ಅದರ ಗುಂಟ ಬ್ಲೇಡು. ಇಸ್ಕ್ರೂ ತೂತುಗಳಿಗೆ ಮುರಿದ ರೇಡಿಯೊ ಏರಿಯಲ್‌ನ ಕೊಳವೆ. ಸಿಲಿಕೋನ್ ಪೇಸ್ಟ್ ಮಾತ್ರ ಇಲ್ಲಿ ಬೇಡವೇ ಬೇಡ. ಪೆಟ್ರೋಲಿಗೆ ಅದು ಉಬ್ಬಿ, ಕಿತ್ತು, ತಿರುಗಿ ಜೆಟ್ಟಿಗೇ ಹೋಗಿ ಕೂರುತ್ತದೆ.

ಪಂಪಿನ ಡಯಾಫ್ರಮನ್ನು ಸೂರ್ಯನಿಗೆ ಹಿಡಿದು ನೋಡಿ. ಕ್ರ್ಯಾಂಕ್‌ಕೇಸಿನ ಒತ್ತಡ ಏರಿಳಿಯುವುದರಿಂದಲೇ ಅದು ಮಿಡಿಯುತ್ತದೆ. ಸೂಜಿತೂತು ಬಿದ್ದರೆ ಪೆಟ್ರೋಲ್ ನೇರವಾಗಿ ಆ ಒಂದು ಸಿಲಿಂಡರಿಗೆ ಸೋರಿ, ಒಂದೇ ಪ್ಲಗ್ ತೊಯ್ಯುತ್ತದೆ. ನಮ್ಮದು ಗಟ್ಟಿಯಾಗಿ ಸುಕ್ಕುಗಟ್ಟಿತ್ತು, ಬದಲಿಸಿದೆ. ಇಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡದ್ದು ಎರಡನೆಯ ಸಲದ ಕಥೆ.

ಪೈಪಿನೊಳಗೆ

ಎರಡನೆಯ ಸಲ ಹೊಳೆಯಲ್ಲಿ ನಿಂತಾಗ ನಾನು ದೋಣಿಯಲ್ಲಿ ಕೂತು ಕಾರ್ಬೊರೇಟರನ್ನೇ ದಿಟ್ಟಿಸುತ್ತಿದ್ದೆ. ಕಾಕಾ ಸುಮ್ಮನೆ ಹುಟ್ಟು ಹಾಕಿ ದೋಣಿಯನ್ನು ದಂಡೆಯ ಕಡೆ ತಿರುಗಿಸಿದರು. ಅರ್ಧ ದಾರಿಗೆ, ಎಂಜಿನ್ ಮತ್ತೆ ಚಾಲೂ ಮಾಡಿ, "ಮಿಸ್ತ್ರಿ, ಆ ಗುಂಡು ಹಿಚುಕ್ರಿ ಒಮ್ಮೆ. ನನ್ನ ಮೊಮ್ಮಗ ಹಿಚುಕ್ಯಾಡಿದ್ರ ಒಂದೊಂದ್ಸಲ ದಂಡಿ ಮುಟ್ಟತೈತಿ" ಅಂದರು. ಹಿಚುಕಿದೆ. ಎಂಜಿನ್ ಎದ್ದಿತು. ಬಿಟ್ಟೆ, ಕುಸಿಯಿತು. ಹಿಚುಕಿದೆ, ಎದ್ದಿತು. ಗುಂಡು ಚಪ್ಪಟೆಯಾಗಿರಲಿಲ್ಲ. ಈ ಮಾತನ್ನು ಗ್ಯಾರೇಜಿಗೆ ಬಂದ ದಿನವೇ ಯಾಕೆ ಹೇಳಲಿಲ್ಲ ಎಂದರೆ, "ನೀವು ಕೇಳಲಿಲ್ಲಲ್ರಿ."

ಪಂಪ್ ಹೊಸದು. ಉಳಿದದ್ದು ಗುಂಡಿನಿಂದ ಮೋಟರಿನವರೆಗಿನ ಪೈಪ್. ಹೊರಗಿನಿಂದ ನೋಡಿದರೆ ಒಂದು ಬಿರುಕಿಲ್ಲ. ಬಾಯಿಂದ ಊದಿದರೆ ಗಾಳಿ ಆರಾಮಾಗಿ ಹೋಗುತ್ತದೆ. ಗುಂಡಿನ ಕಡೆಯಿಂದ ಊದಿದರೆ, ಅಂದರೆ ತಳ್ಳಿದರೆ, ಹೋಗುತ್ತದೆ. ಮೋಟರಿನ ಕಡೆಯಿಂದ ಹೀರಿದರೆ ಮೊದಲು ಬಂದು ಆಮೇಲೆ ಕಚ್ಚಿಕೊಳ್ಳುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಕ್ಲಿಪ್ಪಿನಿಂದ ಒಂದು ಗೇಣು ಒಳಗೆ, ಪೈಪಿನ ಒಳಪದರ ಹೊರಪದರದಿಂದ ಕಿತ್ತು, ಬಾಳೆಕಾಯಿಯ ಸಿಪ್ಪೆಯಂತೆ ನಾಲಿಗೆ ಚಾಚಿತ್ತು. ನಿಧಾನ ಹೀರಿದರೆ ನಾಲಿಗೆ ಮಲಗಿರುತ್ತದೆ. ಜೋರಾಗಿ ಹೀರಿದರೆ ಎದ್ದು ದಾರಿಗೆ ಅಡ್ಡ ನಿಲ್ಲುತ್ತದೆ. ಎಂಜಿನ್ ನಿಂತು ಐದು ನಿಮಿಷಕ್ಕೆ ಮತ್ತೆ ಮಲಗುತ್ತದೆ. ನಾಲಿಗೆಯ ತುದಿಯನ್ನು ಉಗುರಿನಿಂದ ಕೆರೆದರೆ ಸಾಸಿವೆ ಸಿಪ್ಪೆಯಂಥ ಕರಿ ಚೂರು ಬಂತು, ಬೆರಳಿಗೆ ಮಸಿ ಹತ್ತಿತು.

ಎಥನಾಲಿಗೆ ತಡೆಯುವ ಹೊಸ ಪೈಪನ್ನು ಹಾಕಿ, ಗುಂಡನ್ನೂ ಬದಲಿಸಿ, ಟ್ಯಾಂಕಿನ ಜಾಳಿಗೆ ತೊಳೆದು, ನಡುವೆ ಒಂದು ಪಾರದರ್ಶಕ ಫಿಲ್ಟರ್ ಹಾಕಿದೆ. ಇಂಥ ಫಿಲ್ಟರ್ ಮೊದಲೇ ಇದ್ದಿದ್ದರೆ ಗುಳ್ಳೆ, ಚೂರು ಎಲ್ಲ ಕಣ್ಣಿಗೇ ಬೀಳುತ್ತಿತ್ತು. ಕಾರ್ಬೊರೇಟರನ್ನು ಮೂರನೆಯ ಸಲ ಬಿಚ್ಚಿದ್ದು ಒಳಗೆ ಉಳಿದ ಕರಿ ಚೂರು ತೊಳೆಯುವುದಕ್ಕಷ್ಟೇ.

ಸೆಟ್ಟಿಂಗ್

ಇದನ್ನು ಗ್ಯಾರೇಜಿನಲ್ಲಿ ಮುಗಿಸಲು ಹೋಗಬೇಡಿ. ದೋಣಿಯನ್ನು ದಂಡೆಯ ಗೂಟಕ್ಕೆ ಗಟ್ಟಿ ಕಟ್ಟಿ, ಎಂಜಿನ್ ಬಿಸಿಯಾದ ಮೇಲೆ, ಗೇರಿನಲ್ಲಿ ಹಾಕಿ ಸ್ಲೋ ಮೇಲೆ ಬಿಡಿ. ಮಿಕ್ಸ್ಚರ್ ಇಸ್ಕ್ರೂವನ್ನು ಕಾಲು ಸುತ್ತು ಒಳಗೆ ಮಾಡುತ್ತ ಹೋದರೆ ಒಂದು ಕಡೆ ಎಂಜಿನ್ ಬಿಕ್ಕಳಿಸುತ್ತದೆ. ಹೊರಗೆ ಮಾಡುತ್ತ ಹೋದರೆ ಇನ್ನೊಂದು ಕಡೆ ಪೆಟ್ರೋಲ್ ಹೆಚ್ಚಾಗಿ ಗುಡುಗುಡು ಎಂದು ಭಾರವಾಗುತ್ತದೆ. ಎರಡರ ನಡುವೆ, ಭಾರದ ಕಡೆಗೆ ಒಂದು ಕೂದಲೆಳೆ ಹೆಚ್ಚು ಇಟ್ಟು ಬಿಡಿ. ತೆಳು ಮಾಡಿ ಪೆಟ್ರೋಲ್ ಉಳಿಸುವ ಆಸೆ ಟು-ಸ್ಟ್ರೋಕಿನಲ್ಲಿ ಒಳ್ಳೆಯದಲ್ಲ, ಪಿಸ್ಟನ್ನಿಗೆ ಎಣ್ಣೆ ಬರುವುದೂ ಆ ಪೆಟ್ರೋಲಿನ ಜೊತೆಗೇ. ತೆಳುವಾದರೆ ಬಿಸಿಯೂ ಹೆಚ್ಚು, ಎಣ್ಣೆಯೂ ಕಡಿಮೆ, ಸೀಜ್ ಆಗುತ್ತದೆ.

ಕಾರವಾರ ಸಮುದ್ರಮಟ್ಟ. ಹಾವೇರಿ ಸೀಮೆ ಅಲ್ಲಿಗಿಂತ ಐನೂರು ಮೀಟರಿಗೂ ಎತ್ತರ, ಇಲ್ಲಿ ಗಾಳಿ ಅಷ್ಟರಮಟ್ಟಿಗೆ ತೆಳು. ಅಲ್ಲಿ ಸೆಟ್ ಮಾಡಿದ ಮೋಟರ್ ಇಲ್ಲಿ ಸ್ವಲ್ಪ ಭಾರವಾಗಿಯೇ ಓಡುತ್ತದೆ. ಜೆಟ್ ಬದಲಿಸುವಷ್ಟೇನಲ್ಲ, ಒಂದೂಕಾಲು ಸುತ್ತಿನಲ್ಲಿದ್ದ ಇಸ್ಕ್ರೂ ನನಗೆ ಒಂದು ಸುತ್ತು ಮತ್ತು ಸ್ವಲ್ಪದಲ್ಲಿ ಚೆನ್ನಾಗಿ ಕೂತಿತು. ಕಾರ್ಬೊರೇಟರ್ ಕೂರುವ ಕಡೆ ಗಾಳಿ ಸೋರುತ್ತಿದೆಯೇ ಎಂದು ಸಂಶಯ ಬಂದರೆ ಸ್ಲೋ ಮೇಲೆ ಇದ್ದಾಗ ಜೋಡಣೆಯ ಸುತ್ತ ಸ್ವಲ್ಪ ಎಣ್ಣೆ ಬಿಡಿ, ಸದ್ದು ಬದಲಾದರೆ ಸೋರುತ್ತಿದೆ.

ಪರೀಕ್ಷೆಗೆ ಹೋಗುವಾಗ ಹುಟ್ಟು ದೋಣಿಯಲ್ಲಿರಲಿ, ಲೈಫ್ ಜಾಕೆಟ್ ಮೈಮೇಲಿರಲಿ. ಮಳೆಗಾಲದ ಸೆಳವಿನಲ್ಲಿ ಸಂಶಯದ ಮೋಟರ್ ಹಾಕಿಕೊಂಡು ಹೋಗುವುದೇ ಬೇಡ.

ಮೂರನೆಯ ಸಲ ಗಳಗನಾಥದ ಕಡೆಗೆ, ವರದಾ ಬಂದು ಕೂಡುವ ದಿಕ್ಕಿಗೆ, ಫುಲ್ ರೇಸಿನಲ್ಲಿ ಇಪ್ಪತ್ತು ನಿಮಿಷ ಹೋಗಿ ತಿರುಗಿ ಬಂದೆವು. ಗುಂಡನ್ನು ಯಾರೂ ಮುಟ್ಟಲಿಲ್ಲ. ದಂಡೆಗೆ ಬಂದು ಪ್ಲಗ್ ಬಿಚ್ಚಿ ನೋಡಿದರೆ ಮೇಲಿನದು ಬಿಸ್ಕೀಟಿನ ಬಣ್ಣ, ಕೆಳಗಿನದು ಇನ್ನೂ ಕಪ್ಪಗಿದೆ. ಪ್ಲಗ್ಗುಗಳನ್ನು ಅದಲು ಬದಲು ಮಾಡಿ ಓಡಿಸಿದರೂ ಕೆಳಗಿನದೇ ಕಪ್ಪು. ಕಾರ್ಬೊರೇಟರ್ ಎರಡಕ್ಕೂ ಒಂದೇ, ಡಯಾಫ್ರಮ್ ಹೊಸದು, ಕಂಪ್ರೆಷನ್ ಸರಿಯಿದೆ; ಹಾಗಾದರೆ ಕೆಳಗಿನ ಕಾಯಿಲ್ ಅಥವಾ ಆ ಕಡೆಯ ರೀಡ್. ಕಾಕಾನಿಗೆ ಹೇಳಿದೆ. ಹೊಳೆ ಇಳಿದ ಮೇಲೆ ಮೋಟರ್ ಕಳಿಸುತ್ತೇನೆ, ಅಲ್ಲಿಯವರೆಗೆ ಓಡಲಿ ಎಂದಿದ್ದಾರೆ. ಕಳಿಸುವ ಮುಂಚೆ ಪೈಪ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವತನಕ ಓಡಿಸಿ, ಬೌಲಿನ ತಳದ ಇಸ್ಕ್ರೂ ಬಿಚ್ಚಿ ಉಳಿದದ್ದನ್ನು ಇಳಿಸಿ ಎಂದು ಮೊಮ್ಮಗನ ಕೈಯಲ್ಲಿ ಮಾಡಿಸಿ ತೋರಿಸಿದ್ದೇನೆ.